ಬಂದ್ ಮಾಡೋ ಹೊತ್ತಿನ ಕೆಲಸವನ್ನೂ ಕಂಪ್ಯೂಟರಿಗೆ ಹೇಳಿಕೊಡಿ

ಇಳಕಲ್‌ನ ಒಂದು ಸೀರೆ ಅಂಗಡಿಯಲ್ಲಿ ಕಂಡ ಜಗಳ ಇದು. ನೇಕಾರ ಹೆಣ್ಣುಮಗಳೊಬ್ಬರು ಹಿಂದಿನ ದಿನ ಎರಡು ಸೀರೆ ಒಪ್ಪಿಸಿ ಹೋಗಿದ್ದರು. ಮರುದಿನ ಕೂಲಿ ಕೇಳಲು ಬಂದರೆ ಲೆಕ್ಕದಲ್ಲಿ ಆ ಸೀರೆಗಳೇ ಇಲ್ಲ. "ಸಾವ್ಕಾರ್ರ, ನಾ ಕೊಟ್ಟೇನ್ರಿ. ನಿಮ್ಮ ಕಂಪ್ಯೂಟರಿಗೆ ನೆನಪಿಲ್ಲಂದ್ರ ನಾ ಏನ್ ಮಾಡ್ಲಿ?" ಅಂದರು. ಅವರದು ಸುಳ್ಳಲ್ಲ, ಸಾವ್ಕಾರರದು ಮೋಸವಲ್ಲ. ರಾತ್ರಿ ಹಾರ್ಡ್‌ಡಿಸ್ಕ್ ಕೆಟ್ಟಿತ್ತು. ಹೊರಗಿನ ಡಿಸ್ಕಿನಲ್ಲಿದ್ದ ನಕಲಿನಲ್ಲಿ ಆ ದಿನದ ಲೆಕ್ಕ ಇರಲಿಲ್ಲ.

ಇರಬೇಕಿತ್ತು. ಅದು ಲಿನಕ್ಸ್ ಹಾಕಿದ ಹಳೇ ಕಂಪ್ಯೂಟರ್. ದಿನಾ ಸಂಜೆ ಬಂದ್ ಮಾಡುವಾಗ ಲೆಕ್ಕದ ನಕಲು ತಾನೇ ಆಗಲಿ ಎಂದು ಒಬ್ಬ ಹುಡುಗ ಸ್ಕ್ರಿಪ್ಟ್ ಬರೆದುಕೊಟ್ಟು ಬೆಂಗಳೂರಿಗೆ ಹೋಗಿದ್ದ. ನಕಲುಗಳ ಸಮಯ ತೆಗೆದು ನೋಡಿದೆ. ಎಲ್ಲವೂ ಮುಂಜಾನೆಯವು! ಸಂಜೆಯ ಕೆಲಸ ಅಂಗಡಿ ತೆರೆದ ಕೂಡಲೇ ಮುಗಿದುಹೋಗುತ್ತಿತ್ತು.

ಕಾರಣ ಒಂದೇ ಸಾಲು. ಈಗಿನ ಬಹುತೇಕ ಲಿನಕ್ಸ್‌ಗಳಲ್ಲಿ ಯಾವ ಕೆಲಸ ಯಾವಾಗ ಶುರುವಾಗಬೇಕು, ಯಾವಾಗ ನಿಲ್ಲಬೇಕು ಎಂದು ನೋಡಿಕೊಳ್ಳುವ ಮೇಸ್ತ್ರಿ ಸಿಸ್ಟಮ್‌ಡಿ. 2010ರಲ್ಲಿ ಬಂತು, 2015ರ ಹೊತ್ತಿಗೆ ಡೆಬಿಯನ್, ಉಬುಂಟು ಎರಡರಲ್ಲೂ ಸೇರಿತು. ಪ್ರತಿ ಕೆಲಸಕ್ಕೂ ಅದಕ್ಕೊಂದು ಸಣ್ಣ ಫೈಲ್ ಬರೆದುಕೊಡಬೇಕು. ಶುರುವಿನ ಕೆಲಸ 'ಎಕ್ಸೆಕ್‌ಸ್ಟಾರ್ಟ್' ಸಾಲಿನಲ್ಲಿ, ನಿಲ್ಲಿಸುವಾಗಿನ ಕೆಲಸ 'ಎಕ್ಸೆಕ್‌ಸ್ಟಾಪ್' ಸಾಲಿನಲ್ಲಿ. ಒಮ್ಮೆ ಮಾಡಿ ಮುಗಿಸುವ 'ಒನ್‌ಶಾಟ್' ಕೆಲಸವಾದರೆ 'ರಿಮೇನ್‌ಆಫ್ಟರ್‌ಎಕ್ಸಿಟ್ ಯೆಸ್' ಎಂದೂ ಬರೆಯಬೇಕು. ಇಲ್ಲದಿದ್ದರೆ ಶುರುವಿನದು ಮುಗಿದ ತಕ್ಷಣ, ಇದರ ಕತೆ ಮುಗೀತು ಅಂದುಕೊಂಡು, ನಿಲ್ಲಿಸುವ ಕೆಲಸವನ್ನೂ ಅಲ್ಲೇ ಮಾಡಿಬಿಡುತ್ತದೆ. ಆ ಹುಡುಗ ಬಿಟ್ಟಿದ್ದು ಈ ಸಾಲನ್ನೇ.

ಆದರೂ ನನ್ನ ಸಿಟ್ಟು ಆ ಸಾಲಿನ ಮೇಲಲ್ಲ. ತಪ್ಪು ಯಾರಿಂದಲೂ ಆಗುತ್ತದೆ. ಬಾಗಲಕೋಟೆ, ಬಾದಾಮಿ, ಹುನಗುಂದ ಎಲ್ಲೇ ಹೋಗಿ, ಕಂಪ್ಯೂಟರ್ ಕೂಡಿಸಿದವರು ಚಾಲೂ ಮಾಡಿ ತೋರಿಸುತ್ತಾರೆ, ರೊಕ್ಕ ಎಣಿಸಿಕೊಳ್ಳುತ್ತಾರೆ. ಬಂದ್ ಮಾಡಿ ತೋರಿಸಿದವರನ್ನು ನಾನಂತೂ ನೋಡಿಲ್ಲ. ನಾವೂ ಕೇಳುವುದಿಲ್ಲ.

ಹೊಲದಲ್ಲಿ ಹೀಗೆ ಮಾಡ್ತೀವೇನು? ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಹಾಕಿಸಿದಾಗ ಕರೆಂಟು ಬಂದರೆ ಮೋಟರು ಓಡುತ್ತದೋ ಇಲ್ಲವೋ ಎಂದಷ್ಟೇ ನೋಡುವುದಿಲ್ಲ. ಬೋರಿನಲ್ಲಿ ನೀರು ಇಳಿದರೆ ತಾನೇ ನಿಲ್ಲುತ್ತದೋ ಎಂದೂ ನೋಡುತ್ತೇವೆ. ನಿಲ್ಲದಿದ್ದರೆ ಮೋಟರು ಸುಡುತ್ತದೆ ಎಂಬುದು ಗೊತ್ತು.

ಕಂಪ್ಯೂಟರಿಗೂ ಶುರುವಿಗೆ ಮುಂಚೆ 'ನೀರು ಐತೇನು' ಎಂದು ನೋಡಿಕೊಳ್ಳಲು ಹೇಳಬಹುದು. ನೆಟ್‌ವರ್ಕ್ ಬಂದ ಮೇಲೆ, ಹೊರಗಿನ ಡಿಸ್ಕ್ ಸಿಕ್ಕ ಮೇಲೆ ಶುರು ಮಾಡು ಎಂದು ಫೈಲಿನಲ್ಲಿ ಬರೆದರಾಯಿತು. ಲಾಭ ಇನ್ನೊಂದಿದೆ. ಬಂದ್ ಆಗುವಾಗ ಸಿಸ್ಟಮ್‌ಡಿ ಇದೇ ಕ್ರಮವನ್ನು ಉಲ್ಟಾ ಮಾಡುತ್ತದೆ. ಡಿಸ್ಕ್ ಬಂದ ಮೇಲೆ ಶುರುವಾದ ಕೆಲಸ, ಡಿಸ್ಕ್ ಕಳಚುವ ಮೊದಲೇ ಮುಗಿಯುತ್ತದೆ. ಮುಗಿಸಲು ಸಾಮಾನ್ಯವಾಗಿ 90 ಸೆಕೆಂಡ್ ಕೊಡುತ್ತದೆ, ಆಮೇಲೆ ಬಲವಂತದಿಂದ ನಿಲ್ಲಿಸುತ್ತದೆ. ಲೆಕ್ಕ ದೊಡ್ಡದಿದ್ದರೆ ಆ ಗಡುವನ್ನು ಹೆಚ್ಚಿಸಿ ಬರೆಯಬೇಕು.

ಇಷ್ಟೆಲ್ಲ ಬರೆದರೂ ಕರೆಂಟು ದಿಢೀರ್ ಹೋದರೆ ಏನೂ ನಡೆಯುವುದಿಲ್ಲ. ಬಂದ್ ಮಾಡುವ ಸ್ಕ್ರಿಪ್ಟ್ ಓಡಲಿಕ್ಕೂ ಕರೆಂಟು ಬೇಕಲ್ಲ! ಯುಪಿಎಸ್ ಇದ್ದರೂ ಬ್ಯಾಟರಿ ಇಳಿಯುತ್ತಿರುವುದು ಕಂಪ್ಯೂಟರಿಗೆ ಗೊತ್ತಾಗುವುದು ಯುಎಸ್‌ಬಿ ವೈರ್ ಜೋಡಿಸಿ, ಅದಕ್ಕೆ ತಕ್ಕ ಸಾಫ್ಟ್‌ವೇರ್ ಹಾಕಿದ್ದರೆ ಮಾತ್ರ. ಅಗ್ಗದ ಎಷ್ಟೋ ಯುಪಿಎಸ್‌ಗಳಲ್ಲಿ ಆ ಕಿಂಡಿಯೇ ಇರುವುದಿಲ್ಲ. ಅಂಥ ಕಡೆ ಕರೆಂಟು ಹೋದ ಕೂಡಲೇ ಮನುಷ್ಯರೇ ಎದ್ದು ಬಂದ್ ಮಾಡಬೇಕು.

ಇಳಕಲ್‌ನ ಸಾವ್ಕಾರರು ಕೊನೆಗೆ ರಾಶಿಯಲ್ಲಿ ಆ ಎರಡು ಸೀರೆ ಹುಡುಕಿ ಕೂಲಿ ಕೊಟ್ಟರು. ಆ ಸಾಲು ಸೇರಿಸಿದ್ದಾಯಿತು, ನೇಕಾರರ ಕೈಗೆ ಚೀಟಿ ಕೊಡುವುದೂ ಶುರುವಾಯಿತು. ನಿಮ್ಮ ಅಂಗಡಿಗೆ, ಸಂಘಕ್ಕೆ ಯಾರಾದರೂ ಇಂಥದ್ದು ಮಾಡಿಕೊಟ್ಟರೆ ರೊಕ್ಕ ಎಣಿಸುವ ಮೊದಲು ಅವರ ಎದುರಿಗೇ ಒಮ್ಮೆ ಬಂದ್ ಮಾಡಿಸಿ, ಮತ್ತೆ ಚಾಲೂ ಮಾಡಿ, ನಕಲಿನ ಮೇಲಿನ ತಾರೀಖು, ಸಮಯ ಎರಡನ್ನೂ ನೀವೇ ಓದಿ. ಫೈಲಿನ ಹೆಸರು ಒಂದು ಚೀಟಿಯಲ್ಲಿ ಬರೆಸಿಕೊಂಡು ಮಾನಿಟರಿನ ಹಿಂದೆ ಅಂಟಿಸಿ. ಆ ಹುಡುಗ ನಾಳೆ ಬೆಂಗಳೂರಿಗೆ ಹೋಗುವವನೇ.