ಕಟ್‌ಆಫ್ ಬೇಕೋ ಬೇಡವೋ

ದಕ್ಷಿಣ ಆಫ್ರಿಕಾದ ಡರ್ಬನ್ ಮತ್ತು ಪೀಟರ್‌ಮಾರಿಟ್ಸ್‌ಬರ್ಗ್ ನಡುವೆ 1921ರಿಂದ ನಡೆಯುತ್ತಿರುವ ಕಾಮ್ರೇಡ್ಸ್ ಓಟದ ದೂರ ಸುಮಾರು 88 ಕಿ.ಮೀ. ಓಡಿ ಮುಗಿಸಲು 12 ತಾಸು ಅವಕಾಶ. ಹೊತ್ತು ಮುಗಿಯುತ್ತಿದ್ದಂತೆ ಒಬ್ಬರು ಓಟಗಾರರಿಗೆ ಬೆನ್ನು ಹಾಕಿ ನಿಂತು ಗುಂಡು ಹಾರಿಸುತ್ತಾರೆ. ಸದ್ದು ಕೇಳುವ ಮೊದಲು ಗೆರೆ ದಾಟಿದವರಿಗೆ ಪದಕ. ಒಂದು ಸೆಕೆಂಡು ತಡವಾದರೂ ಬೆಳಗಿನಿಂದ ಓಡಿದ್ದು ಲೆಕ್ಕಕ್ಕಿಲ್ಲ. ಬೆನ್ನು ಹಾಕಿ ನಿಲ್ಲುವುದು ಒಳ್ಳೆಯದೇ. ಕುಂಟುತ್ತಾ ಬರುತ್ತಿರುವವರ ಮುಖ ನೋಡಿದರೆ ಯಾರಿಗೆ ತಾನೆ ಕೈ ಬಂದೀತು?

ಈಚಿನ ವರ್ಷಗಳಲ್ಲಿ ಈ ಓಟಕ್ಕೆ ಭಾರತದಿಂದ ನೂರಾರು ಜನ ಹೋಗುತ್ತಿದ್ದಾರೆ. ಹೋಗಿಬಂದವರು ಬೆಂಗಳೂರಿನ ಓಟದ ಗುಂಪುಗಳಲ್ಲೂ ಇದ್ದಾರೆ. ಭಾನುವಾರದ ಲಾಂಗ್ ರನ್ ಮುಗಿಸಿ ದರ್ಶಿನಿಯಲ್ಲಿ ಇಡ್ಲಿ ತಟ್ಟೆ ಹಿಡಿದು ನಿಂತಾಗ ಈ ಗಡುವು, ಅಂದರೆ ಕಟ್‌ಆಫ್, ನ್ಯಾಯವೋ ಅನ್ಯಾಯವೋ ಎಂಬ ಮಾತು ಬಂದೇ ಬರುತ್ತದೆ. ನಾನು ಹಿಂದಿನ ಸಾಲಿನ ಓಟಗಾರ. ಮುಂದೆ ಓಡುವವರಿಗೆ ಅದು ಬರೀ ಹರಟೆ. ನನಗೆ ಹಾಗಲ್ಲ.

ಬೇಡ ಎನ್ನುವವರ ವಾದದಲ್ಲಿ ತಿರುಳಿದೆ. ಗಡಿಯಾರದ ಒತ್ತಡವೆಲ್ಲ ಬೀಳುವುದು ನಿಧಾನಸ್ಥರ ಮೇಲೆ. ವೇಗದವನು ದಾರಿಯಲ್ಲಿ ಊಟ-ನೀರು ಕೊಡುವ ಏಡ್ ಸ್ಟೇಷನ್ನಿನಲ್ಲಿ ಕೂತು ಷೂ ಬಿಚ್ಚಿ, ಬೊಬ್ಬೆಗೆ ಟೇಪು ಸುತ್ತಿ, ಮಜ್ಜಿಗೆ ಕುಡಿದು ಹೊರಡಬಹುದು. ನಮಗೆ ಉಪ್ಪು ಹಚ್ಚಿದ ಆಲೂಗೆಡ್ಡೆಯನ್ನು ಕೈಯಲ್ಲೇ ಹಿಡಿದು ನಡೆಯುತ್ತಾ ನುಂಗುವ ಗತಿ. ಹೊತ್ತು ಮೀರುತ್ತಿದೆ ಎಂಬ ಭಯದಲ್ಲಿ ಕೆಲವರು ಊಟ ಬಿಡುತ್ತಾರೆ, ಮಂಡಿ ನೋವಿಗೆ ಮಾತ್ರೆ ನುಂಗಿ ಓಡುತ್ತಾರೆ. ಬೆವರಿ ಬಸವಳಿದ ದೇಹಕ್ಕೆ ಐಬುಪ್ರೊಫೆನ್‌ನಂಥ ಮಾತ್ರೆ ಬಿದ್ದರೆ ಕಿಡ್ನಿಗೆ ಪೆಟ್ಟಾಗುವ ಸಾಧ್ಯತೆ ಹೆಚ್ಚು ಎಂದು ಡಾಕ್ಟರುಗಳು ಬಡಕೊಳ್ಳುತ್ತಲೇ ಇದ್ದಾರೆ. ಅಭ್ಯಾಸದ ಕಷ್ಟವೇನೂ ನಮಗೆ ಕಡಿಮೆಯಿಲ್ಲ. ನಸುಕಿನ ನಾಲ್ಕಕ್ಕೆ ಅಲಾರಂ, ನಂದಿಬೆಟ್ಟದ ಏರು, ಶನಿವಾರ ಓಡಿದ ಕಾಲಲ್ಲೇ ಭಾನುವಾರ ಮತ್ತೆ ಓಟ, ಮಧ್ಯಾಹ್ನ ನೆಂಟರ ಮನೆಯ ಗೃಹಪ್ರವೇಶದಲ್ಲಿ ತೂಕಡಿಕೆ. ಎಂಟ್ರಿ ಫೀ ಎಲ್ಲರಿಗೂ ಒಂದೇ.

ಗಡುವಿನ ಆ ಅಂಕಿಗಾದರೂ ಏನಾದರೂ ಆಧಾರವಿದೆಯೇ? ಕಾಮ್ರೇಡ್ಸ್‌ನಲ್ಲೇ ಬಹುಕಾಲ 11 ತಾಸಿನ ಮಿತಿಯಿತ್ತು, 2003ರಿಂದ ಅದು ಕಾಯಂ ಆಗಿ 12 ಆಯಿತು. ಹಿಂದೆ ಹನ್ನೊಂದೂವರೆ ತಾಸಿಗೆ ಬಂದವರು ಬರಿಗೈಲಿ ಹೋದರು, ಈಗ ಅದೇ ವೇಳೆಗೆ ತಾಮ್ರದ ಪದಕ ಸಿಗುತ್ತದೆ. ಅಮೆರಿಕದ ವೆಸ್ಟರ್ನ್ ಸ್ಟೇಟ್ಸ್ ಕತೆ ಇನ್ನೂ ತಮಾಷೆ. 1974ರಲ್ಲಿ ಗಾರ್ಡಿ ಏನ್ಸ್‌ಲೀ ಎಂಬಾತ 100 ಮೈಲಿಯ ಕುದುರೆ ಸವಾರಿ ಸ್ಪರ್ಧೆಯಲ್ಲಿ ಕುದುರೆಯಿಲ್ಲದೆ ಓಡಿ, ಸವಾರರಿಗಿದ್ದ 24 ತಾಸಿನೊಳಗೆ ಮುಗಿಸಿದ. ಇಂದಿಗೂ ಅಲ್ಲಿ 24 ತಾಸಿನೊಳಗೆ ಬಂದವರಿಗೆ ಬೆಳ್ಳಿಯ ಬೆಲ್ಟ್ ಬಕಲ್. ಕುದುರೆಗೆ ಹಾಕಿದ ಲೆಕ್ಕ ಮನುಷ್ಯನ ತಲೆಗೆ ಅಂಟಿಕೊಂಡಿದೆ.

ಬೇಕು ಎನ್ನುವವರೂ ಸುಮ್ಮನೆ ಹೇಳುವುದಿಲ್ಲ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯುವ ಮಲ್ನಾಡ್ ಅಲ್ಟ್ರಾದಂಥ ಓಟದಲ್ಲಿ ಕತ್ತಲಾದ ಮೇಲೆ ಹೆಡ್‌ಲ್ಯಾಂಪಿನ ಬೆಳಕು ಬಿದ್ದಷ್ಟೇ ಲೋಕ. ಕೊನೆಯ ಓಟಗಾರ ಬರುವ ತನಕ ಆ ಚಳಿಯಲ್ಲಿ ಟೇಬಲ್ ಕಾಯುವವರು ಸ್ವಯಂಸೇವಕರು. ಅವರಿಗೂ ಮೈಯಿದೆ, ನಿದ್ದೆಯಿದೆ. ಹೆಚ್ಚು ಹೊತ್ತು ದಾರಿಯಲ್ಲಿರುವವರಿಗೆ ಇನ್ನೊಂದು ಅಪಾಯ ನೀರಿನದು. ಗುಟುಕು ಗುಟುಕಾಗಿ ಅತಿಯಾಗಿ ನೀರು ಕುಡಿದು ರಕ್ತದ ಸೋಡಿಯಂ ಇಳಿದರೆ ತಲೆನೋವು, ವಾಂತಿ, ಗೊಂದಲ, ಕೆಲವೊಮ್ಮೆ ಸಾವು. ಇದಕ್ಕೆ ಹೆಚ್ಚಾಗಿ ಸಿಕ್ಕಿಬೀಳುವವರು ನಿಧಾನಸ್ಥರೇ. ಲಡಾಖಿನ 72 ಕಿ.ಮೀ. ಖರ್ದುಂಗ್ ಲಾ ಓಟದಲ್ಲಂತೂ 17,000 ಅಡಿ ಮೀರಿದ ಕಣಿವೆ ದಾಟಬೇಕು. ಅಲ್ಲಿ ಸುಸ್ತಾದವರನ್ನು ಹೊತ್ತು ಗೊತ್ತಿಲ್ಲದೆ ಬಿಟ್ಟುಬಿಡಿ ಎಂದರೆ ಯಾವ ಡಾಕ್ಟರೂ ಒಪ್ಪಲಾರ.

ಕಟ್‌ಆಫ್ ಒಂದಿದ್ದರೆ ಸುರಕ್ಷೆ ಬಂತೆಂದೂ ಅಲ್ಲ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತದ 100 ಕಿ.ಮೀ. ಓಟದಲ್ಲಿ ಹಠಾತ್ತನೆ ಎದ್ದ ಚಳಿಗಾಳಿ, ಆಲಿಕಲ್ಲಿಗೆ ಸಿಕ್ಕಿ 21 ಮಂದಿ ಸತ್ತರು. ಮುಂಚೂಣಿಯ ಓಟಗಾರರೇ ಅವರಲ್ಲಿದ್ದರು. ಗಾಳಿ ತಡೆಯುವ ಜಾಕೆಟ್ಟು ಕಡ್ಡಾಯ ಸಾಮಾನಿನ ಪಟ್ಟಿಯಲ್ಲಿರಲಿಲ್ಲ.

ಕಟ್‌ಆಫ್ ತಪ್ಪಿ ನನ್ನ ಬಿಬ್, ಅಂದರೆ ಎದೆಗೆ ಚುಚ್ಚಿಕೊಂಡ ನಂಬರು, ಕಿತ್ತುಕೊಂಡದ್ದು ಒಂದು ತೋಟದ ಓಟದಲ್ಲಿ, ಮಳೆ ಹಿಡಿದ ಸಂಜೆ. ಟಾರ್ಪಾಲಿನಡಿ ನಿಂತಿದ್ದ ಕಾಲೇಜು ಹುಡುಗಿ ಟಾರ್ಚನ್ನು ನನ್ನ ಮುಖಕ್ಕೆ ಹಿಡಿಯದೆ ಎದೆಗೆ ಹಿಡಿದು, “ಅಂಕಲ್, ಹೆಸರು ಹೇಳಿ, ಇದು ಎಷ್ಟನೇ ಕಿಲೋಮೀಟರು ಹೇಳಿ” ಎಂದಳು. ಹೆಸರು ಹೇಳಿದೆ. ಕಿಲೋಮೀಟರು ತಪ್ಪಿತು. “ಟೈಮ್ ಆಗೋಗಿದೆ ಅಂಕಲ್, ಇಲ್ಲೇ ಕೂತ್ಕೊಳ್ಳಿ” ಎಂದು ಕುರ್ಚಿ ಎಳೆದಳು. ಪಿನ್ನು ಬಿಚ್ಚುವಷ್ಟು ಬೆರಳು ಆಡಲಿಲ್ಲ, ಅವಳೇ ಬಿಚ್ಚಿಕೊಂಡಳು. ಸಿಟ್ಟು ಬಂತು. ಬಿಸಿ ಕಾಫಿ ಒಳಗೆ ಹೋದ ಮೇಲೆ ಹಲ್ಲು ಕಟಕಟಿಸತೊಡಗಿತು, ಕಾಲುಚೀಲದಲ್ಲಿ ಉಂಬಳ ಕಂಡಿತು. ಮುಂದಿದ್ದದ್ದು ಜಾರುವ ಇಳಿಜಾರು. ನಾನೇ ಆ ಕಡೆ ನಿಂತಿದ್ದರೂ ಅವಳು ಮಾಡಿದ್ದನ್ನೇ ಮಾಡುತ್ತಿದ್ದೆ.

ಗೆರೆಯಿದ್ದರೇ ರೋಚಕ ಎನ್ನುವುದೂ ನಿಜ. 2015ರ ವೆಸ್ಟರ್ನ್ ಸ್ಟೇಟ್ಸ್‌ನಲ್ಲಿ 70ರ ಗುನ್‌ಹಿಲ್ಡ್ ಸ್ವಾನ್ಸನ್ 30 ತಾಸಿನ ಅಂತಿಮ ಗಡುವಿಗೆ ಆರು ಸೆಕೆಂಡು ಇರುವಾಗ ಗುರಿ ಮುಟ್ಟಿದರು. ಆ ವರ್ಷ ಗೆದ್ದವರಿಗಿಂತ ಜನ ನೆನೆಯುವುದು ಅವರನ್ನೇ. ಗಡುವೇ ಬೇಡ ಎನ್ನುವವರಿಗೆ 24 ತಾಸಿನ ಸ್ಟೇಡಿಯಂ ಓಟ ಇದೆ. ಎಷ್ಟು ಓಡಿದರೆ ಅಷ್ಟು ನಿಮ್ಮದು, ನಡುವೆ ಮಲಗಿ ಎದ್ದರೂ ಕೇಳುವವರಿಲ್ಲ. 2022ರ ಜುಲೈನಲ್ಲಿ ಬೆಂಗಳೂರಿನ ಕಂಠೀರವದಲ್ಲಿ ನಡೆದ ಏಷ್ಯಾ-ಓಷಿಯಾನಿಯಾ ಚಾಂಪಿಯನ್‌ಷಿಪ್‌ನಲ್ಲಿ ಅಮರ್ ಸಿಂಗ್ ದೇವಂದಾ 257 ಕಿ.ಮೀ. ಮೀರಿ ಓಡಿ ಗೆದ್ದರು. ನನಗೆ ಆ ಗಾಣದ ಸುತ್ತು ಒಗ್ಗದು.

ನನ್ನ ಮಟ್ಟಿಗೆ ದಾರಿಯ ನಡುವಿನ ಕಟ್‌ಆಫ್‌ಗಳು ಕಟ್ಟುನಿಟ್ಟಾಗಿಯೇ ಇರಲಿ, ಅದರಲ್ಲಿ ದಾಕ್ಷಿಣ್ಯ ಬೇಡ. ಆದರೆ ಅವನ್ನೆಲ್ಲ ದಾಟಿ ಕೊನೆಯ ಗೆರೆಗೆ ಹತ್ತು ನಿಮಿಷ ತಡವಾಗಿ ಬಂದವರ ಹೆಸರು, ವೇಳೆಯನ್ನು ಫಲಿತಾಂಶದಲ್ಲಿ ಬರೆಯಲು ಆಯೋಜಕರಿಗೆ ಏನು ಕಷ್ಟ? ಪದಕ ಕೊಡದಿದ್ದರೆ ಬೇಡ. ಓಡುವವರೂ ಅಷ್ಟೇ, ಫೀ ಕಟ್ಟುವ ಮೊದಲು ಯಾವ ಕಿಲೋಮೀಟರಿಗೆ ಎಷ್ಟು ಗಂಟೆಯ ಗಡುವು ಎಂಬ ಪಟ್ಟಿ ಕೇಳಿ ತೆಗೆದುಕೊಳ್ಳಿ. ಅದನ್ನು ಮುಂಚಿತವಾಗಿ ಕೊಡದ ಓಟಕ್ಕೆ ಹೆಸರು ಕೊಡಬೇಡಿ.