ಸರ್ವರ್ ಬದಲಾವಣೆ: ಪರವಾನಗಿಯ ಲೆಕ್ಕ ಮೊದಲಾಗಲಿ

ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ಸರ್ವರ್ 2012 ಆವೃತ್ತಿಗೆ ನೀಡುತ್ತಿದ್ದ ವಿಸ್ತೃತ ಬೆಂಬಲವು 2023ರ ಅಕ್ಟೋಬರ್ 10ರಂದು ಮುಗಿಯಿತು. 2016ರ ಆವೃತ್ತಿಗೆ 2027ರ ಜನವರಿ 12ರ ಗಡುವು ನಿಗದಿಯಾಗಿದೆ. ಲೆಕ್ಕಪತ್ರ, ದಾಸ್ತಾನು, ಗ್ರಾಹಕರ ವಿವರಗಳನ್ನು ಇಂತಹ ಸರ್ವರುಗಳಲ್ಲಿ ಇರಿಸಿಕೊಂಡಿರುವ ವರ್ತಕರು ಹಾಗೂ ಸಣ್ಣ ಉತ್ಪಾದಕರು ಹೊಸ ಆವೃತ್ತಿಯತ್ತ ನೋಡುವುದು ಸಹಜವೇ. ಆದರೆ ಖರೀದಿಯ ಚರ್ಚೆಯು ಯಂತ್ರದ ಬೆಲೆಯ ಸುತ್ತಲೇ ಸುತ್ತಿ, ‘ಕ್ಯಾಲ್’ ಎಂದು ಕರೆಯಲಾಗುವ ಕ್ಲೈಂಟ್ ಆಕ್ಸೆಸ್ ಲೈಸೆನ್ಸಿನ ಮಾತು ಹಿಂದೆ ಸರಿಯುವುದುಂಟು.

ಸರ್ವರ್ ತಂತ್ರಾಂಶದ ಪರವಾನಗಿ ಬೇರೆ, ಅದನ್ನು ಬಳಸುವವರ ಪರವಾನಗಿ ಬೇರೆ. 2016ರ ಆವೃತ್ತಿಯಿಂದ ಈಚೆಗೆ ಸರ್ವರಿನ ಪರವಾನಗಿಯನ್ನು ಪ್ರೊಸೆಸರಿನ ಕೋರುಗಳ ಲೆಕ್ಕದಲ್ಲಿ, ಕನಿಷ್ಠ 16 ಕೋರುಗಳಿಗೆ ಕೊಳ್ಳಬೇಕು. ಇದರ ಮೇಲೆ ಪ್ರತಿ ಬಳಕೆದಾರನಿಗೆ ಅಥವಾ ಪ್ರತಿ ಸಾಧನಕ್ಕೆ ಒಂದೊಂದು ಕ್ಯಾಲ್ ಬೇಕು. ಹಳೆಯ ಆವೃತ್ತಿಯ ಕ್ಯಾಲ್ ಹೊಸ ಸರ್ವರಿಗೆ ಸಲ್ಲದು. ಹೊಸ ಆವೃತ್ತಿಯ ಕ್ಯಾಲ್ ಮಾತ್ರ ಹಳೆಯ ಸರ್ವರಿಗೂ ಸಲ್ಲುತ್ತದೆ. 2012ರಲ್ಲಿ ಕೊಂಡ ಪರವಾನಗಿಗಳನ್ನು ನಂಬಿಕೊಂಡು 2022 ಅಥವಾ 2025ರ ಸರ್ವರನ್ನು ಸ್ಥಾಪಿಸಿದವರು, ಸಾಫ್ಟ್‌ವೇರ್ ಅಶ್ಯೂರೆನ್ಸ್ ಒಪ್ಪಂದವನ್ನು ಉಳಿಸಿಕೊಂಡಿರದಿದ್ದರೆ, ಎಲ್ಲ ಕ್ಯಾಲ್‌ಗಳನ್ನೂ ಮತ್ತೆ ಕೊಳ್ಳಬೇಕಾಗುತ್ತದೆ.

ಸಾಮಾನ್ಯ ಕ್ಯಾಲ್‌ಗಳ ಕೊರತೆ ಇದ್ದರೂ ಸರ್ವರ್ ಕೆಲಸವನ್ನು ನಿಲ್ಲಿಸುವುದಿಲ್ಲ. ತಪ್ಪು ಕಣ್ಣಿಗೆ ಬೀಳದೆ ವರ್ಷಗಟ್ಟಲೆ ಉಳಿಯುತ್ತದೆ. ಪರಿಶೋಧನೆಯ ಪತ್ರ ಬಂದ ದಿನ ಒಮ್ಮೆಲೇ ಎದುರಾಗುತ್ತದೆ. ಆಗ ಉತ್ತರಿಸಬೇಕಾದವನು ಸರಬರಾಜುದಾರನಲ್ಲ, ಬಳಸಿದ ಸಂಸ್ಥೆಯ ಮಾಲೀಕ. ಹಕ್ಕುಸ್ವಾಮ್ಯ ಉಲ್ಲಂಘಿಸಿದ ಗಣಕ ತಂತ್ರಾಂಶದ ಪ್ರತಿಯನ್ನು ತಿಳಿದೂ ಬಳಸುವುದಕ್ಕೆ 1957ರ ಹಕ್ಕುಸ್ವಾಮ್ಯ ಕಾಯಿದೆಗೆ 1994ರಲ್ಲಿ ಸೇರಿಸಲಾದ 63ಬಿ ಕಲಮು ಕಾರಾಗೃಹವಾಸವನ್ನೂ ದಂಡವನ್ನೂ ವಿಧಿಸುತ್ತದೆ. ಪ್ರತಿಯೊಂದು ಎಣಿಕೆಯ ಕೊರತೆಯೂ ಈ ಕಲಮಿನಡಿ ಬರುತ್ತದೆಂದಲ್ಲ. ಆದರೆ ತಿಳಿದ ಮೇಲೂ ಸುಮ್ಮನಿರುವುದು ವ್ಯಾಪಾರಿಗೆ ತಕ್ಕ ವಿವೇಕವಲ್ಲ.

ಎಣಿಕೆ ಸರಿಯಾದರೆ ವೆಚ್ಚವೂ ತಗ್ಗುತ್ತದೆ. ಎರಡು ಪಾಳಿಗಳಲ್ಲಿ 24 ಮಂದಿ 10 ಗಣಕಯಂತ್ರಗಳನ್ನು ಹಂಚಿಕೊಳ್ಳುವ ಕಾರ್ಖಾನೆಗೆ 10 ಸಾಧನ ಕ್ಯಾಲ್‌ಗಳು ಸಾಕು. ಬಳಕೆದಾರರ ಲೆಕ್ಕದಲ್ಲಿ ಕೊಂಡರೆ 24 ಬೇಕು. ಇದಕ್ಕೆ ವ್ಯತಿರಿಕ್ತವಾಗಿ, ತಲಾ ಮೂರು ಸಾಧನಗಳನ್ನು ಬಳಸುವ 6 ಮಂದಿ ಮಾರಾಟ ಪ್ರತಿನಿಧಿಗಳಿಗೆ 6 ಬಳಕೆದಾರ ಕ್ಯಾಲ್‌ಗಳು ಸಾಕು. ಸಾಧನಗಳನ್ನು ಎಣಿಸಿದರೆ 18 ಆಗುತ್ತದೆ. ಮನೆಯಿಂದ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಸರ್ವರಿನಲ್ಲಿ ಕೆಲಸ ಮಾಡುವವರಿಗೆ ಸಾಮಾನ್ಯ ಕ್ಯಾಲ್ ಜೊತೆಗೆ ಆರ್‌ಡಿಎಸ್ ಕ್ಯಾಲ್ ಪ್ರತ್ಯೇಕವಾಗಿ ಬೇಕೆಂಬುದನ್ನೂ ಮರೆಯಬಾರದು.

ಇಷ್ಟು ಜಟಿಲವಾದ ನಿಯಮಗಳನ್ನು ಸಣ್ಣ ಉದ್ಯಮಿಯ ಮೇಲೆ ಹೇರುವುದು ನ್ಯಾಯವೇ ಎಂಬ ಪ್ರಶ್ನೆ ನಿರಾಧಾರವಲ್ಲ. ಯಂತ್ರಕ್ಕೂ ತಂತ್ರಾಂಶಕ್ಕೂ ಹಣ ತೆತ್ತ ಮೇಲೆ ಬಾಗಿಲು ದಾಟಲು ಮತ್ತೆ ಸುಂಕ ತೆರುವಂತಾಗಿದೆ ಎಂಬ ಅಸಮಾಧಾನ ಸಹಜ. ಆದರೆ ಅಸಮಾಧಾನಕ್ಕೆ ಉತ್ತರ ನಿಯಮವನ್ನು ಕಡೆಗಣಿಸುವುದಲ್ಲ, ಆಯ್ಕೆಯನ್ನು ಚಲಾಯಿಸುವುದು. 25 ಬಳಕೆದಾರರು, 50 ಸಾಧನಗಳ ಮಿತಿಯೊಳಗಿನ ಸಂಸ್ಥೆಗಳಿಗೆ ಕ್ಯಾಲ್ ಬೇಡದ ಎಸೆನ್ಷಿಯಲ್ಸ್ ಆವೃತ್ತಿ ಇದೆ. ಕಡತಗಳ ಹಂಚಿಕೆಯಷ್ಟೇ ಅಗತ್ಯವಿದ್ದಲ್ಲಿ, ಲಿನಕ್ಸ್ ಮೇಲೆ ನಡೆಯುವ ಸಾಂಬಾ ತಂತ್ರಾಂಶಕ್ಕೆ ಇಂತಹ ಪರವಾನಗಿಯ ಹಂಗೇ ಇಲ್ಲ. ಅದನ್ನು ನಿರ್ವಹಿಸಬಲ್ಲ ನುರಿತ ಕೈಗಳು ಮಾತ್ರ ಬೇಕು.

ಆದ್ದರಿಂದ ಉದ್ಯಮಿಗಳು ದರಪಟ್ಟಿ ಕೇಳುವಾಗಲೇ ಸರ್ವರ್ ಪರವಾನಗಿ, ಕೋರುಗಳ ಸಂಖ್ಯೆ, ಕ್ಯಾಲ್‌ಗಳ ಬಗೆ, ಆವೃತ್ತಿ ಹಾಗೂ ಸಂಖ್ಯೆಯನ್ನು ಪ್ರತ್ಯೇಕ ಸಾಲುಗಳಲ್ಲಿ ನಮೂದಿಸುವಂತೆ ಒತ್ತಾಯಿಸಬೇಕು. ‘ಎಲ್ಲವೂ ಸೇರಿ’ ಎಂಬ ಒಂದೇ ಮೊತ್ತದ ದರಪಟ್ಟಿಯನ್ನು ಒಪ್ಪಬಾರದು. ಖರೀದಿಯ ಬಿಲ್ಲು ಮತ್ತು ಪರವಾನಗಿ ಪತ್ರಗಳನ್ನು ತೆರಿಗೆಯ ದಾಖಲೆಗಳಷ್ಟೇ ಜೋಪಾನವಾಗಿ ಕಾಪಾಡಬೇಕು. ವಾಣಿಜ್ಯ ಮಂಡಳಿಗಳು ಸದಸ್ಯರಿಗಾಗಿ ಇಂತಹ ದರಪಟ್ಟಿಯ ಮಾದರಿ ನಮೂನೆಯೊಂದನ್ನು ಸಿದ್ಧಪಡಿಸಿದರೆ ಅದು ಅಲ್ಪ ವೆಚ್ಚದ, ದೊಡ್ಡ ಉಪಕಾರವಾದೀತು.