ಮಂಗೋಲಿಯದ ಹಿಮಗಾಲ ಮತ್ತು ಮೇವಿನ ಪಾಠ

ದನಕರುಗಳನ್ನು ನೆಚ್ಚಿ ಬಾಳಿದ ಮನೆತನಗಳಿಗೆ ಮೇವು ತೀರಿದ ದಿನದ ಸಂಕಟವನ್ನು ನಾವು ಬಣ್ಣಿಸಬೇಕಾಗಿಲ್ಲ. ಆ ಸಂಕಟವು ಇಡೀ ಒಂದು ದೇಶಕ್ಕೆ ಒದಗಿದ ಬಗೆಯನ್ನು ಈ ಸಲ ವಾಚಕರ ಮುಂದಿಡಬಯಸುತ್ತೇವೆ.

ಮಂಗೋಲಿಯದ ಖಾಂಗಾಯ್, ಅಲ್ತಾಯ್ ಪರ್ವತಗಳ ಕಣಿವೆಗಳಲ್ಲಿ ಅಲೆಮಾರಿ ಪಶುಪಾಲಕರು ಕುರಿ, ಮೇಕೆ, ದನ, ಕುದುರೆ, ಒಂಟೆಗಳನ್ನು ಸಾಕಿಕೊಂಡು ದುಂಡು ಗುಡಾರಗಳಲ್ಲಿ ಬಾಳುತ್ತಾರೆ. ಜಾನುವಾರುಗಳು ಹಿಂಡುಹಿಂಡಾಗಿ ಅಳಿಯುವ ಕಡುಚಳಿಗಾಲಕ್ಕೆ ಅವರ ಭಾಷೆಯಲ್ಲಿ ‘ಜುದ್’ ಎಂದು ಹೆಸರು. ಹುಲ್ಲು ದಟ್ಟ ಹಿಮದಡಿ ಹೂತುಹೋದರೆ ಅದು ಬಿಳಿಯ ಜುದ್. ಬಿದ್ದ ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿ ನೆಲವನ್ನು ಮುಚ್ಚಿದರೆ ಕಬ್ಬಿಣದ ಜುದ್. ಸಡಿಲ ಹಿಮವನ್ನು ಕುರಿಯು ಗೊರಸಿನಿಂದ ಕೆದಕಿ ಮೇಯಬಲ್ಲದು, ಮಂಜುಗಡ್ಡೆಯನ್ನು ಒಡೆಯಲಾರದು. ಹುಲ್ಲು ಕಾಲಡಿಯಲ್ಲಿದ್ದೂ ಅದು ಹಸಿದು ಸಾಯುತ್ತದೆ.

2009-10ರ ಚಳಿಗಾಲದಲ್ಲಿ ಉಷ್ಣಮಾನವು ಸೊನ್ನೆಗಿಂತ 40 ಡಿಗ್ರಿ ಕೆಳಗಿಳಿಯಿತು. ಹಿಮಬಿರುಗಾಳಿಗಳು ಹಾದಿಗಳನ್ನು ಮುಚ್ಚಿದವು. ಸುಮಾರು 4 ಕೋಟಿ 40 ಲಕ್ಷದಷ್ಟಿದ್ದ ಜಾನುವಾರುಗಳಲ್ಲಿ 1 ಕೋಟಿಯಷ್ಟು ಅಳಿದವು. 8,000ಕ್ಕೂ ಮಿಕ್ಕ ಕುಟುಂಬಗಳ ಹಟ್ಟಿಯಲ್ಲಿ ಒಂದು ಮರಿಯೂ ಉಳಿಯಲಿಲ್ಲ. ಕಳೇಬರಗಳನ್ನು ಹೂಳುವ ಕೆಲಸಕ್ಕೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು ಆ ಪಶುಪಾಲಕರಿಗೇ ಕೂಲಿ ಕೊಟ್ಟಿತು. ಸಾಕಿದ ಕೈಯೇ ಹೂಳಿ ಹೊಟ್ಟೆ ಹೊರೆಯಬೇಕಾದ ದುಃಖವನ್ನು ವಾಚಕರೇ ಊಹಿಸಬೇಕು.

ಆದರೆ ಈ ಸಾವಿಗೆ ಹಿಮವೊಂದೇ ಕಾರಣವಲ್ಲ. ಆ ನಾಡಿಗೆ ಬೇಸಿಗೆಯೇ ಮಳೆಯ ಕಾಲ. 2009ರ ಬೇಸಿಗೆಯಲ್ಲಿ ಮಳೆ ಕೈಕೊಟ್ಟು ಹುಲ್ಲು ಬೆಳೆಯದೆ, ಮೈಗೂಡದ ಪಶುಗಳೇ ಚಳಿಗಾಲವನ್ನು ಹೊಕ್ಕವು. ಅದಕ್ಕೂ ಮೊದಲು, 1990ರ ದಶಕದ ಆರಂಭದಲ್ಲಿ ಸಾಮೂಹಿಕ ಪಶುಪಾಲನಾ ಸಂಘಗಳು ವಿಸರ್ಜಿತವಾಗಿ, ಮೇವಿನ ಸಂಗ್ರಹವೂ ಬಾವಿಗಳ ದುರಸ್ತಿಯೂ ಸೊರಗಿದ್ದವು. ಕ್ಯಾಶ್ಮೀರ್ ಉಣ್ಣೆಯ ಲಾಭಕ್ಕಾಗಿ ಮೇಕೆಗಳು ಮಿತಿಮೀರಿ ಹೆಚ್ಚಿ ಹುಲ್ಲುಗಾವಲು ಬಡವಾಗಿತ್ತು. ಚಳಿಗಾಲದ ಸಾವು ಬೇಸಿಗೆಯಲ್ಲಿಯೇ ಮೊಳೆತಿತ್ತು.

ಹಿಂಡನ್ನು ಕಳೆದುಕೊಂಡ ಅನೇಕರು ಗುಡಾರ ಕಿತ್ತು ರಾಜಧಾನಿ ಉಲಾನ್‌ಬಾತರ್‌ನ ಅಂಚಿನಲ್ಲಿ ನೆಲೆನಿಂತರು. ಗಾಳಿಯ ದಿಕ್ಕನ್ನೂ ಹುಲ್ಲಿನ ಗುಣವನ್ನೂ ಬಲ್ಲ ಅವರ ತಿಳಿವಿಗೆ ಅಲ್ಲಿ ಬೆಲೆಯಿಲ್ಲ. ತಂದೆ ಹಟ್ಟಿ ತೊರೆದರೆ ಮಗನಿಗೆ ಆ ವಿದ್ಯೆಯನ್ನು ಕಲಿಸುವವರಾರು? 2023-24ರಲ್ಲಿ ಜುದ್ ಮರಳಿ ಬಂದು 70 ಲಕ್ಷಕ್ಕೂ ಮಿಕ್ಕ ಜಾನುವಾರುಗಳನ್ನು ಕೊಂಡೊಯ್ದಿತು. 2006ರಲ್ಲಿ ಆರಂಭವಾದ ಜಾನುವಾರು ವಿಮೆಯಿಂದ ನಷ್ಟದ ಒಂದಂಶವೇನೋ ತುಂಬೀತು. ಆದರೆ ವಿಮೆಯ ಹಣ ಹುಲ್ಲನ್ನು ಬೆಳೆಸಲಾರದು.

ಬಿರುಗಾಳಿಯನ್ನು ತಡೆಯುವುದು ಮನುಷ್ಯನ ಕೈಯಲ್ಲಿಲ್ಲ. ಹುಲ್ಲಿಗೆ ತಕ್ಕಷ್ಟು ಹಿಂಡು, ಹಿಂಡಿಗೆ ತಕ್ಕಷ್ಟು ಕೂಡಿಟ್ಟ ಮೇವು, ಇವೆರಡು ಮಾತ್ರ ಅವನ ಕೈಯಲ್ಲಿವೆ. ಅವು ಒಬ್ಬ ಕುರುಬನಿಂದ ಆಗುವ ಕೆಲಸಗಳಲ್ಲ, ಇಡೀ ಕಣಿವೆಯು ಕೂಡಿ ಮಾಡಬೇಕಾದವು. ಆ ಕೆಲಸಕ್ಕೆ ತಕ್ಕ ಕಾಲ ಹುಲ್ಲು ಹಸಿರಾಗಿರುವ ಕಾಲವೇ ಎಂಬುದು ನಮ್ಮ ಅಭಿಮತ.